ಶ್ರೀಲಂಕಾದ ಹಕ್ಕಿಗಳು: ಮನೆಯವರು ಯಾರು, ಅತಿಥಿಗಳು ಯಾರು ಎಂದು ಗುರುತಿಸುವ ಬಗೆ

ಶ್ರೀಲಂಕಾದ ತಗ್ಗುನಾಡಿನ ಕಾಡಿನಲ್ಲಿ ಜನವರಿಯ ಒಂದು ಮುಂಜಾನೆ ನಿಂತವರಿಗೆ ಎರಡು ಬಗೆಯ ಗಂಡು ರಾಜಹಕ್ಕಿಗಳು ಕಾಣಸಿಗಬಹುದು. ಎರಡಕ್ಕೂ ಕರಿಯ ಜುಟ್ಟಿನ ತಲೆ, ಎರಡಕ್ಕೂ ಪಟ್ಟಿಯಂತೆ ಇಳಿಬಿದ್ದ ನೀಳ ಬಾಲ. ಆದರೆ ಒಂದರ ಮೈ ಅಚ್ಚಬಿಳಿ, ಇನ್ನೊಂದರದು ಇಟ್ಟಿಗೆಗೆಂಪು. ಬಿಳಿಯದು ಚಳಿಗಾಲ ಕಳೆಯಲು ಭಾರತದ ಕಡೆಯಿಂದ ಬಂದ ಅತಿಥಿ. ದ್ವೀಪದಲ್ಲೇ ಗೂಡು ಕಟ್ಟಿ ಮರಿ ಮಾಡುವ ಉಪಜಾತಿಯ ಗಂಡು ಎಷ್ಟೇ ವಯಸ್ಸಾದರೂ ಬಿಳಿಯಾಗುವುದಿಲ್ಲ. ಹಾಗೆಂದು ಕೆಂಪಾಗಿ ಕಂಡದ್ದೆಲ್ಲ ದ್ವೀಪದ್ದೇ ಎಂದು ಬರೆದುಕೊಳ್ಳುವಂತೆಯೂ ಇಲ್ಲ, ಏಕೆಂದರೆ ವಲಸೆ ಬಂದ ಹೆಣ್ಣುಗಳೂ ಎಳೆಯ ಗಂಡುಗಳೂ ಕೆಂಪಾಗಿಯೇ ಇರುತ್ತವೆ. ಅದೇ ಕೆಂಪು ಹಕ್ಕಿ ಜೂನ್ ತಿಂಗಳಲ್ಲಿ ಕಂಡಿತಾದರೆ ಸಂಶಯಕ್ಕೆ ಎಡೆಯೇ ಇಲ್ಲ.

ಈ ಒಂದು ಉದಾಹರಣೆಯಲ್ಲೇ ದ್ವೀಪದ ಹಕ್ಕಿ ವೀಕ್ಷಣೆಯ ಕ್ರಮ ಅಡಗಿದೆ. ‘ಇದು ಯಾವ ಹಕ್ಕಿ?’ ಎಂಬ ಪ್ರಶ್ನೆಗೆ ಮುಂಚೆ ‘ಇದು ಯಾವ ತಿಂಗಳು, ನಾನು ನಿಂತಿರುವುದು ಯಾವ ವಲಯ, ಎಷ್ಟು ಎತ್ತರ?’ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವವರು ದುರ್ಬೀನು ಎತ್ತುವ ಮೊದಲೇ ಅರ್ಧ ಕೆಲಸ ಮುಗಿಸಿರುತ್ತಾರೆ. ಶ್ರೀಲಂಕಾದಲ್ಲಿ ಈವರೆಗೆ 450ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗಿವೆ. ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅಲ್ಲಿಯೇ ಸಂತಾನ ಬೆಳೆಸುವಂಥವು, ಉಳಿದವು ಬಂದುಹೋಗುವಂಥವು. ಸಂತಾನ ಬೆಳೆಸುವವುಗಳೊಳಗೆ ಸುಮಾರು 34 ಜಾತಿಗಳು ಜಗತ್ತಿನ ಬೇರೆಲ್ಲೂ ಇಲ್ಲ. ವರ್ಗೀಕರಣಕಾರರ ಮತಭೇದದಿಂದ ಈ ಸಂಖ್ಯೆ ಪಟ್ಟಿಯಿಂದ ಪಟ್ಟಿಗೆ ಒಂದೆರಡು ಹೆಚ್ಚುಕಡಿಮೆಯಾಗುತ್ತದೆ. ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಇವನ್ನು ಮುಂದೆ ‘ದ್ವೀಪಸೀಮಿತ’ ಹಕ್ಕಿಗಳು ಎಂದು ಕರೆಯುತ್ತೇನೆ.

ಮೊದಲು ನಕಾಶೆ, ಆಮೇಲೆ ಪಂಚಾಂಗ

ದ್ವೀಪದ ನೈಋತ್ಯ ಮೂಲೆ ತೇವ ವಲಯ. ಅಲ್ಲಿ ವರ್ಷಕ್ಕೆ 2,500 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಉತ್ತರ, ಪೂರ್ವ ಮತ್ತು ಆಗ್ನೇಯ ಭಾಗಗಳ ವಿಶಾಲ ಬಯಲು ಒಣ ವಲಯ. ನಡುವೆ ಎದ್ದು ನಿಂತಿರುವ ಬೆಟ್ಟನಾಡು ಪಿದುರುತಲಾಗಲ ಶಿಖರದಲ್ಲಿ 2,524 ಮೀಟರು ಮುಟ್ಟುತ್ತದೆ. ದ್ವೀಪಸೀಮಿತ ಹಕ್ಕಿಗಳಲ್ಲಿ ಬಹುಪಾಲು ತೇವ ವಲಯಕ್ಕೂ ಬೆಟ್ಟನಾಡಿಗೂ ಅಂಟಿಕೊಂಡಿವೆ. ಇದಕ್ಕೆ ಕಾರಣವಿದೆ. ಹಿಮಯುಗಗಳಲ್ಲಿ ಕಡಲ ಮಟ್ಟ ತಗ್ಗಿದಾಗಲೆಲ್ಲ ದ್ವೀಪವು ಭಾರತದ ನೆಲಕ್ಕೆ ಕೂಡಿಕೊಳ್ಳುತ್ತಿತ್ತು. ಈಗಲೂ ಧನುಷ್ಕೋಟಿಗೂ ತಲೈಮನ್ನಾರಿಗೂ ನಡುವಿನ ಅಂತರ ಸುಮಾರು 30 ಕಿಲೋಮೀಟರು ಮಾತ್ರ. ಆದರೆ ಹಾಗೆ ಕೂಡಿಕೊಂಡ ನೆಲ ಒಣ ಬಯಲಾಗಿತ್ತು. ಬಯಲಿನ ಹಕ್ಕಿಗಳು ಅದನ್ನು ಸರಾಗವಾಗಿ ದಾಟಿದವು, ದಟ್ಟ ಮಳೆಕಾಡಿನ ನೆರಳಿಗೆ ಒಗ್ಗಿದವು ದಾಟಲಿಲ್ಲ. ಹಾಗಾಗಿ ಪಶ್ಚಿಮ ಘಟ್ಟದ ಕಾಡುಗಳನ್ನು ಬಲ್ಲವರಿಗೆ ಶ್ರೀಲಂಕಾದ ಮಳೆಕಾಡು ಪರಿಚಿತ ರಾಗದ ಬೇರೊಂದು ಆಲಾಪನೆಯಂತೆ ಕೇಳಿಸುತ್ತದೆ: ಅಲ್ಲಿಯ ಬೂದು ಕಾಡುಕೋಳಿಗೆ ಪ್ರತಿಯಾಗಿ ಇಲ್ಲಿ ಕಿತ್ತಳೆಗೆಂಪು ಮೈಯ ಕಾಡುಕೋಳಿ, ಅಲ್ಲಿಯ ಮಲಬಾರ್ ಸಿಳ್ಳಾರಕ್ಕೆ ಪ್ರತಿಯಾಗಿ ಇಲ್ಲಿ ಬೆಟ್ಟದ ತೊರೆಗಳಲ್ಲಿ ಮಾತ್ರ ಸಿಗುವ ಪುಟ್ಟ ಸಿಳ್ಳಾರ.

ಪಂಚಾಂಗದ ವಿಷಯ ಇನ್ನೂ ಸರಳ. ವಲಸೆ ಹಕ್ಕಿಗಳು ಆಗಸ್ಟ್ ಕೊನೆಯಿಂದ ಬರತೊಡಗುತ್ತವೆ. ಮೊದಲು ಬರುವವು ಕಡಲಂಚಿನ ಗೊರವಗಳು ಮತ್ತು ಉಲ್ಲಂಕಿಗಳು. ಕಾಡಿನ ಅತಿಥಿಗಳು ಅಕ್ಟೋಬರ್ ವೇಳೆಗೆ ತಲಪುತ್ತವೆ. ಏಪ್ರಿಲ್ ಮುಗಿಯುವುದರೊಳಗೆ ಬಹುತೇಕ ಎಲ್ಲವೂ ಹೊರಟುಹೋಗುತ್ತವೆ. ಮಧ್ಯ ಏಷ್ಯಾದ ವಲಸೆ ಹಾದಿಗೆ ಈ ದ್ವೀಪವೇ ತೆಂಕಣ ತುದಿ. ಇದರಿಂದಾಚೆ ಅಂಟಾರ್ಕ್ಟಿಕಾದವರೆಗೆ ಹೇಳಿಕೊಳ್ಳುವಂಥ ನೆಲವೇ ಇಲ್ಲದಿರುವುದರಿಂದ ಇಲ್ಲಿಗೆ ಬಂದ ಹಕ್ಕಿಗಳಲ್ಲಿ ಬಹಳಷ್ಟು ಮುಂದೆ ಹೋಗದೆ ಇಲ್ಲೇ ಬೀಡುಬಿಡುತ್ತವೆ. ಒಂದೇ ಪ್ರವಾಸದಲ್ಲಿ ಮನೆಯವರನ್ನೂ ಅತಿಥಿಗಳನ್ನೂ ನೋಡಬೇಕೆಂದಿರುವವರಿಗೆ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳೇ ಸರಿ. ತೇವ ವಲಯದಲ್ಲಿ ಮಳೆ ಆಗ ಕೊಂಚ ಬಿಡುವು ಕೊಡುತ್ತದೆ, ಉತ್ತರದ ಕೆರೆ ಮತ್ತು ಹಿನ್ನೀರುಗಳಲ್ಲಿ ಈಶಾನ್ಯ ಮಳೆಯ ನೀರು ಇಳಿದು ಕೆಸರಿನ ಅಂಚು ತೆರೆದುಕೊಂಡಿರುತ್ತದೆ, ಅತಿಥಿಗಳು ಇನ್ನೂ ಹೊರಟಿರುವುದಿಲ್ಲ.

ಮಳೆಕಾಡಿನಲ್ಲಿ: ಹುಡುಕಬೇಡಿ, ಕಾಯಿರಿ

1988ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಸಿಂಹರಾಜ ಕಾಡಿಗೆ ಮೊದಲ ಬಾರಿ ಹೋದವರು ಸಾಮಾನ್ಯವಾಗಿ ಒಂದು ಗಂಟೆಯೊಳಗೆ ನಿರಾಶರಾಗುತ್ತಾರೆ. ಕಾಡು ಮೌನವಾಗಿರುತ್ತದೆ, ಜಿಗಣೆಗಳ ಹೊರತು ಬೇರೆ ಜೀವಿಗಳಿಗೆ ನಮ್ಮ ಬಗ್ಗೆ ಆಸಕ್ತಿಯಿರುವಂತೆ ಕಾಣುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಹತ್ತು ನಿಮಿಷ ಎತ್ತ ನೋಡಿದರೂ ಹಕ್ಕಿಗಳು, ಮತ್ತೆ ಮೌನ. ಇದಕ್ಕೆ ಕಾರಣ ಇಲ್ಲಿಯ ಹಕ್ಕಿಗಳು ಹಲವು ಜಾತಿಗಳ ಮಿಶ್ರ ತಂಡ ಕಟ್ಟಿಕೊಂಡು ಮೇವು ಅರಸುವುದು. ಒಂದು ತಂಡದಲ್ಲಿ ಹತ್ತಕ್ಕೂ ಹೆಚ್ಚು ಜಾತಿಗಳಿರುವುದು ಇಲ್ಲಿ ಸಾಮಾನ್ಯ ಸಂಗತಿ.

ತಂಡದ ತಿರುಳು ಎರಡು ಹಕ್ಕಿಗಳು. ಒಂದು ಕಿತ್ತಳೆ ಕೊಕ್ಕಿನ ಹರಟೆಮಲ್ಲ, ಇನ್ನೊಂದು ಜುಟ್ಟಿನ ಕಾಜಾಣ, ಎರಡೂ ದ್ವೀಪಸೀಮಿತ. ಹರಟೆಮಲ್ಲಗಳು ಗುಂಪಾಗಿ ಎಡೆಬಿಡದೆ ಚಿಲಿಪಿಲಿಗುಟ್ಟುತ್ತ ನಡುಮಟ್ಟದ ಪೊದೆಗಳನ್ನು ಜಾಲಾಡುತ್ತವೆ, ಕಾಜಾಣ ಎತ್ತರದಲ್ಲಿ ಕುಳಿತು ಎದ್ದ ಹುಳುಗಳನ್ನು ಹಿಡಿಯುತ್ತ ಅಪಾಯ ಕಂಡರೆ ಕೂಗಿ ಎಚ್ಚರಿಸುತ್ತದೆ. ಹಾಗಾಗಿ ಮಾಡಬೇಕಾದುದು ಇಷ್ಟು: ಹಾದಿ ಕೊಂಚ ತೆರವಾಗಿರುವಲ್ಲಿ, ಆಕಾಶದ ಒಂದು ತುಂಡಾದರೂ ಕಾಣುವಲ್ಲಿ ನಿಂತುಕೊಳ್ಳಿ. ಹರಟೆಮಲ್ಲಗಳ ಗಲಾಟೆ ಕೇಳಿಸುವವರೆಗೆ ಅಲ್ಲಿಂದ ಕದಲಬೇಡಿ. ಗಲಾಟೆ ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಸರಿಯುತ್ತಿದೆ ಎಂಬುದನ್ನು ಗಮನಿಸಿ, ತಂಡದ ಬೆನ್ನು ಹತ್ತುವ ಬದಲು ಹಾದಿಯಲ್ಲೇ ಮುಂದೆ ಹೋಗಿ ಅದು ದಾಟುವ ಎಡೆಯಲ್ಲಿ ಕಾಯಿರಿ. ಬೆನ್ನು ಹತ್ತಿದವರಿಗೆ ಬಾಲಗಳು ಮಾತ್ರ ಕಾಣುತ್ತವೆ.

ತಂಡ ಬಂದಾಗ ಕಣ್ಣು ಎತ್ತ ಹೋಗಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡಿರಬೇಕು. ನನ್ನ ಸಲಹೆ, ಮೇಲಿನಿಂದ ಕೆಳಕ್ಕೆ ನೋಡಿ. ಮರದ ನೆತ್ತಿಯಲ್ಲಿ ಸದ್ದಿಲ್ಲದೆ ಕೊಂಬೆಯಿಂದ ಕೊಂಬೆಗೆ ಜಾರುವ ಕೆಂಪು ಮೋರೆಯ ಮಲ್ಕೋಹಾ ಕೋಗಿಲೆಯ ಬಳಗದ್ದು. ತೋರಿಸಿಕೊಳ್ಳುವ ಸ್ವಭಾವ ಅದರದ್ದಲ್ಲ, ತಪ್ಪಿಸಿಕೊಂಡರೆ ಮತ್ತೆ ಸಿಗುವುದೂ ಕಷ್ಟ. ಅದೇ ಎತ್ತರದಲ್ಲಿ ಬಿಳಿ ಮೋರೆಯ ಕಬ್ಬಕ್ಕಿ ಇರಬಹುದು. ಸ್ವಲ್ಪ ಕೆಳಗೆ ಸಿಂಹಳೀಯರು ‘ಕೆಹಿಬೆಲ್ಲಾ’ ಎನ್ನುವ ನೀಲಿ ಮಟಪಕ್ಷಿ ಬರುತ್ತದೆ: ನೀಲಿ ಮೈ, ಕಂದುಗೆಂಪು ತಲೆ ಮತ್ತು ರೆಕ್ಕೆ, ಕೆಂಪು ಕೊಕ್ಕು ಕಾಲುಗಳು. ಅದನ್ನು ಯಾರೂ ತಪ್ಪಾಗಿ ಗುರುತಿಸಲಾರರು, ಆದ್ದರಿಂದ ಅದರ ಮೇಲೆ ಹೆಚ್ಚು ಹೊತ್ತು ಕಳೆಯುವ ಅಗತ್ಯವಿಲ್ಲ ಎಂದು ಹೇಳಬೇಕು; ಆದರೆ ಆ ಬಣ್ಣದ ಮುಂದೆ ಈ ಮಾತನ್ನು ಪಾಲಿಸುವವರು ಕಡಿಮೆ. ನೆಲದ ಮೇಲೆ ಒಣ ಎಲೆ ಕೆದಕುವ ಬೂದುತಲೆಯ ಹರಟೆಮಲ್ಲಗಳನ್ನು ಕೊನೆಯಲ್ಲಿ ನೋಡಿದರೂ ನಡೆಯುತ್ತದೆ.

ಒಂದು ಎಚ್ಚರಿಕೆ. ಕಾಜಾಣ ಅನುಕರಣೆಯಲ್ಲಿ ನಿಪುಣ. ಬೇರೆ ಹಕ್ಕಿಗಳ ಹಾಡು ಮಾತ್ರವಲ್ಲ, ಅವು ಗಾಬರಿಗೊಂಡಾಗ ಕೂಗುವ ಕೂಗನ್ನೂ ಅದು ಹೊರಡಿಸುತ್ತದೆ. ಆದ್ದರಿಂದ ಈ ಕಾಡಿನಲ್ಲಿ ದನಿಯನ್ನಷ್ಟೇ ಕೇಳಿ ಒಂದು ಜಾತಿಯನ್ನು ಪಟ್ಟಿಗೆ ಸೇರಿಸುವುದು ಸರಿಯಲ್ಲ. ಹತ್ತಿರದಲ್ಲಿ ಕಾಜಾಣ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು.

ಆದರೆ ದನಿಯೇ ಆಧಾರವಾದ ಪ್ರಸಂಗವೂ ಇದೇ ಮಳೆಕಾಡುಗಳದ್ದು. 1995ರಲ್ಲಿ ಕಿತುಲ್ಗಲದ ಕಾಡಿನಲ್ಲಿ ಶ್ರೀಲಂಕಾದ ಪಕ್ಷಿತಜ್ಞ ದೀಪಾಲ್ ವರಕಾಗೊಡ ಅವರಿಗೆ ರಾತ್ರಿ ಗುರುತು ಹತ್ತದ ಒಂದು ಕೂಗು ಕೇಳಿಸಿತು. ಕೂಗಿನ ಒಡೆಯ ಅವರ ಕಣ್ಣಿಗೆ ಬಿದ್ದದ್ದು 2001ರಲ್ಲಿ, ಸಿಂಹರಾಜದಲ್ಲಿ. ಕಿವಿಯ ಬಳಿ ಗರಿಗಳ ಕೊಂಬಿಲ್ಲದ ಆ ಕಂದುಗೆಂಪು ಪುಟ್ಟ ಗೂಬೆಯನ್ನು 2004ರಲ್ಲಿ ಸೆರೆಂಡಿಬ್ ಗೂಬೆ ಎಂಬ ಹೊಸ ಜಾತಿಯಾಗಿ ವಿವರಿಸಲಾಯಿತು. 1868ರ ಬಳಿಕ ದ್ವೀಪದಲ್ಲಿ ಪತ್ತೆಯಾದ ಮೊದಲ ಹೊಸ ಹಕ್ಕಿ ಅದು. ಹಗಲಲ್ಲಿ ಅದು ನೆಲಕ್ಕೆ ಹತ್ತಿರದ ಪೊದೆಗಳಲ್ಲಿ ಕುಳಿತು ನಿದ್ರಿಸುತ್ತದೆ. ಜಾಗ ಬಲ್ಲ ಸ್ಥಳೀಯ ಮಾರ್ಗದರ್ಶಿ ತೋರಿಸಿದರೆ ದೂರದಿಂದ ನೋಡಿ ಹಿಂದಿರುಗಬೇಕು. ಫ್ಲ್ಯಾಶ್ ಹಾಕಿ ಚಿತ್ರ ತೆಗೆಯುವುದು, ಮೊಬೈಲಿನಲ್ಲಿ ಕೂಗು ನುಡಿಸಿ ಹಕ್ಕಿಯನ್ನು ಹೊರಗೆಳೆಯುವುದು, ಇವೆರಡನ್ನೂ ಮಾಡಲೇಬಾರದು. ತನ್ನ ಎಲ್ಲೆಯೊಳಗೆ ಇನ್ನೊಂದು ಹಕ್ಕಿ ನುಗ್ಗಿತೆಂದು ನಂಬಿದ ಹಕ್ಕಿ ಮೇವನ್ನೂ ಮರಿಯನ್ನೂ ಬಿಟ್ಟು ಇಲ್ಲದ ಶತ್ರುವನ್ನು ಹುಡುಕುತ್ತ ಅಲೆಯುತ್ತದೆ.

ಹೋಲುವ ಜೋಡಿಗಳನ್ನು ಬೇರ್ಪಡಿಸಲು ಒಂದೊಂದು ಗುರುತು ಸಾಕು. ಹಸಿರು ಕೊಕ್ಕಿನ ಕೆಂಬೂತ ದ್ವೀಪದ್ದು, ಕರಿಯ ಕೊಕ್ಕಿನ ಕೆಂಬೂತ ಭಾರತದಲ್ಲೂ ಇರುವಂಥದ್ದು. ಕೊಕ್ಕಿನ ಮೇಲೆ ಶಿರಸ್ತ್ರಾಣವಿಲ್ಲದ ಬೂದು ಮಂಗಟ್ಟೆ ದ್ವೀಪದ್ದು, ದೊಡ್ಡ ಶಿರಸ್ತ್ರಾಣವಿರುವ ಒಣ ವಲಯದ ಕಪ್ಪುಬಿಳುಪಿನ ಮಂಗಟ್ಟೆ ಭಾರತದಲ್ಲೂ ಇರುವಂಥದ್ದು. ರಾಷ್ಟ್ರೀಯ ಪಕ್ಷಿಯಾದ ಕಾಡುಕೋಳಿಯ ಹುಂಜಕ್ಕೆ ಕೆಂಪು ಜುಟ್ಟಿನ ನಡುವೆ ಹಳದಿ ಮಚ್ಚೆಯಿರುತ್ತದೆ. ಕಾಡಂಚಿನ ಹಳ್ಳಿಗಳಲ್ಲಿ ಊರಕೋಳಿಯನ್ನು ಕಾಡುಕೋಳಿಯೆಂದು ಬರೆದುಕೊಳ್ಳುವ ತಪ್ಪನ್ನು ಆ ಮಚ್ಚೆಯೇ ತಪ್ಪಿಸುತ್ತದೆ.

ಬೆಟ್ಟನಾಡಿನಲ್ಲಿ

ಎತ್ತರ ಹೆಚ್ಚಿದಂತೆ ಪಟ್ಟಿ ಚಿಕ್ಕದಾಗುತ್ತದೆ, ಕೆಲಸ ಹಗುರಾಗುತ್ತದೆ. ಹಾರ್ಟನ್ ಬಯಲಿನಲ್ಲಿ, ಅಂದರೆ 2,100 ಮೀಟರಿನ ಆಸುಪಾಸಿನಲ್ಲಿ, ಹಳದಿ ಕಿವಿಯ ಪಿಕಳಾರ, ಮಾಸಲು ನೀಲಿಯ ನೊಣಹಿಡುಕ ಮತ್ತು ಬೆಟ್ಟದ ಬೆಳ್ಗಣ್ಣ ರಸ್ತೆಯ ಬದಿಯಲ್ಲೇ ಸಿಗುತ್ತವೆ. ಕಷ್ಟಪಡಬೇಕಾದುದು ಸಿಳ್ಳಾರಕ್ಕೆ ಮಾತ್ರ. ನೆರಳಾದ ತೊರೆ ಅಥವಾ ಕೊಳದ ಬಳಿ ಬೆಳಕು ಹರಿಯುವ ಮುನ್ನವೇ ಹೋಗಿ ನಿಂತು, ಲೋಹದ ತಂತಿಯನ್ನು ಮೀಟಿದಂಥ ತೀಕ್ಷ್ಣ ಸಿಳ್ಳಿಗೆ ಕಿವಿಗೊಡಬೇಕು. ಬೆಳಕು ಬಲಿಯುವ ಹೊತ್ತಿಗೆ ಹಕ್ಕಿ ಪೊದೆಯೊಳಗೆ ಸೇರಿರುತ್ತದೆ. ಕೊರೆಯುವ ಚಳಿಗೆ ಸಿದ್ಧರಾಗಿ ಹೋಗಿ. ಉಷ್ಣವಲಯದ ದ್ವೀಪವೆಂದು ತೆಳು ಅಂಗಿಯಲ್ಲಿ ಬಂದವರು ಸಿಳ್ಳಾರಕ್ಕಿಂತ ಮೊದಲೇ ಜಾಗ ಖಾಲಿ ಮಾಡುತ್ತಾರೆ.

ನುವರ ಎಲಿಯ ಪಟ್ಟಣದ ವಿಕ್ಟೋರಿಯಾ ಉದ್ಯಾನವನ್ನು ಅಲಕ್ಷಿಸಬಾರದು. ಮಕ್ಕಳು ಆಡುವ, ಜೋಡಿಗಳು ಅಡ್ಡಾಡುವ ಈ ಉದ್ಯಾನದಲ್ಲಿ ಚಳಿಗಾಲದ ಮೂರು ಅಪೂರ್ವ ಅತಿಥಿಗಳು ತಂಗುತ್ತವೆ. ಕಾಶ್ಮೀರದ ಕಡೆಯ ಬೆಟ್ಟಗಳಲ್ಲಿ ಗೂಡು ಕಟ್ಟುವ ಕಾಶ್ಮೀರ ನೊಣಹಿಡುಕವನ್ನು ಗಂಡಿನ ಕಿತ್ತಳೆಗೆಂಪು ಎದೆಯ ಸುತ್ತಲಿನ ಕರಿ ಅಂಚಿನಿಂದ ತಿಳಿಯಬಹುದು. ತೊರೆಯ ಪಕ್ಕದ ಕತ್ತಲಲ್ಲಿ ಕಪ್ಪುಬಿಳುಪಿನ ನೆಲಸಿಳ್ಳಾರ ಎಲೆ ಕೆದಕುತ್ತಿರುತ್ತದೆ. ಮೂರನೆಯದು ನವರಂಗ. ಹಿಮಾಲಯದ ತಪ್ಪಲು ಮತ್ತು ಮಧ್ಯ ಭಾರತದಿಂದ ಇಳಿದುಬರುವ ಈ ಹಕ್ಕಿ ಮುಂಜಾನೆ ಮತ್ತು ಮುಸ್ಸಂಜೆ ತಪ್ಪದೆ ಕೂಗುವುದರಿಂದ ತಮಿಳರು ಅದನ್ನು ‘ಆರುಮಣಿ ಕುರುವಿ’, ಆರು ಗಂಟೆಯ ಹಕ್ಕಿ ಎನ್ನುತ್ತಾರೆ. ಸಿಂಹಳದಲ್ಲಿ ಅದು ‘ಅವಿಚ್ಚಿಯಾ’; ತನ್ನ ಉಡುಗೆಯನ್ನು ನವಿಲು ಕದ್ದೊಯ್ದಿತೆಂದು ಅದು ದೂರುತ್ತಿದೆ ಎಂಬುದು ಅಲ್ಲಿಯ ಜನಪದ ಕಥೆ. ನವರಂಗವನ್ನು ನೋಡಬೇಕಾದರೆ ಸಂಜೆ ಕೂಗಿದ ಪೊದೆಯನ್ನು ಗುರುತಿಟ್ಟುಕೊಂಡು ಮರುದಿನ ಬೆಳಗ್ಗೆ ಅದೇ ಪೊದೆಯ ಎದುರು, ಇಪ್ಪತ್ತು ಹೆಜ್ಜೆ ದೂರದಲ್ಲಿ, ಅಲುಗಾಡದೆ ಕೂರುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಕೆಸರಿನ ಅಂಚಿನಲ್ಲಿ: ಬಣ್ಣ ಮರೆತು ನಡಿಗೆ ನೋಡಿ

ಹೊಸಬರು ಹೆಚ್ಚು ಎಡವುವುದು ಉತ್ತರದ ಮನ್ನಾರ್, ಜಾಫ್ನಾ ಮತ್ತು ತೆಂಕಣ ಕರಾವಳಿಯ ಬುಂದಲದ ಕೆಸರಿನಲ್ಲಿ. ಅಲ್ಲಿ ಸಾವಿರಾರು ಹಕ್ಕಿಗಳು ಒಂದೇ ಬೂದುಕಂದು ಬಣ್ಣದಲ್ಲಿ ಒಂದೇ ನೀರಿನಲ್ಲಿ ನಿಂತಿರುತ್ತವೆ. ಪುಸ್ತಕಗಳ ಮೊದಲ ಚಿತ್ರದಲ್ಲಿ ಕಾಣುವ ಕೆಂಪು ಹೊಟ್ಟೆ, ಕರಿ ಎದೆಗಳು ಸಂತಾನಕಾಲದ ಅಲಂಕಾರ. ದ್ವೀಪದಲ್ಲಿ ಇರುವಷ್ಟು ಕಾಲ ಹೆಚ್ಚಿನವು ಅದನ್ನು ಕಳಚಿಟ್ಟಿರುತ್ತವೆ. ಬಾತುಗಳದ್ದೂ ಇದೇ ಕಥೆ. ಅಕ್ಟೋಬರಿನಲ್ಲಿ ಬಂದಿಳಿಯುವ ಸೂಜಿಬಾಲದ ಬಾತು ಮತ್ತು ಬಿಳಿಹುಬ್ಬಿನ ಬಾತುಗಳ ಗಂಡುಗಳು ಹೆಣ್ಣಿನಂತೆ ಕಂದಾಗಿದ್ದು, ಚಳಿಗಾಲ ಸಾಗಿದಂತೆ ಮಾತ್ರ ಬಣ್ಣಕ್ಕೆ ತಿರುಗುತ್ತವೆ.

ಆದ್ದರಿಂದ ಗಾತ್ರ, ಕೊಕ್ಕು, ಕಾಲು, ನಡಿಗೆ ಎಂಬ ಅನುಕ್ರಮದಲ್ಲಿ ನೋಡುವುದನ್ನು ರೂಢಿಸಿಕೊಳ್ಳಬೇಕು. ಮೊದಲು ಎಲ್ಲರಿಗೂ ತಿಳಿದ ಒಂದು ಹಕ್ಕಿಯನ್ನು ಅಳತೆಗೋಲಾಗಿ ಆರಿಸಿಕೊಳ್ಳಿ; ಗುಲಾಬಿ ಕಾಲಿನ ಮೆಟ್ಟುಗಾಲು ಹಕ್ಕಿ ಇದಕ್ಕೆ ತಕ್ಕದ್ದು, ವರ್ಷವಿಡೀ ಅಲ್ಲೇ ಇರುತ್ತದೆ. ಅದಕ್ಕೆ ಹೋಲಿಸಿ ಮಿಕ್ಕವುಗಳ ಗಾತ್ರ ಅಂದಾಜಿಸಿ. ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಂತು ಒಮ್ಮೆ ಕುಕ್ಕಿ ಮತ್ತೆ ಓಡುವಂಥವು ದಪ್ಪತಲೆ, ಗಿಡ್ಡ ಕೊಕ್ಕಿನ ಪ್ಲೋವರುಗಳು. ಅವು ಕಣ್ಣಿನಿಂದ ಬೇಟೆಯಾಡುತ್ತವೆ. ತಲೆಯೆತ್ತದೆ ಹೊಲಿಗೆಯಂತ್ರದ ಸೂಜಿಯಂತೆ ಕೆಸರು ಚುಚ್ಚುತ್ತ ಹೋಗುವಂಥವು ಉಲ್ಲಂಕಿಗಳು. ಅವು ಕೊಕ್ಕಿನ ಸ್ಪರ್ಶದಿಂದ ಹುಡುಕುತ್ತವೆ. ಗುಬ್ಬಚ್ಚಿಗಾತ್ರದ್ದು, ನೇರ ಗಿಡ್ಡ ಕೊಕ್ಕಿನದ್ದು ಕಿರು ಉಲ್ಲಂಕಿ; ಅದಕ್ಕಿಂತ ದೊಡ್ಡದು, ಕೊಕ್ಕು ಕೆಳಕ್ಕೆ ಬಾಗಿದ್ದು, ಹಾರಿದಾಗ ಬಾಲದ ಬುಡ ಬೆಳ್ಳಗೆ ಕಂಡದ್ದು ಬಾಗುಕೊಕ್ಕಿನ ಉಲ್ಲಂಕಿ. ಹಾರುವ ಕ್ಷಣವನ್ನು ಕಾದು ರೆಕ್ಕೆ ಮತ್ತು ಬಾಲದ ಬಿಳಿಪಟ್ಟಿಗಳನ್ನು ನೋಡಿಕೊಳ್ಳುವುದು ಅರ್ಧ ಗಂಟೆಯ ತರ್ಕವನ್ನು ಉಳಿಸುತ್ತದೆ. ಆದರೆ ಅದಕ್ಕಾಗಿ ಹಕ್ಕಿಗಳನ್ನು ಎಬ್ಬಿಸಬಾರದು. ಹದ್ದು ಅಥವಾ ಚಾಣ ಆ ಕೆಲಸವನ್ನು ದಿನಕ್ಕೆ ಹಲವು ಬಾರಿ ಮಾಡುತ್ತದೆ. ಕಾಡಿಗೆ 8×42 ದುರ್ಬೀನು ಸಾಕಾದರೂ ಇಲ್ಲಿ ಮುಕ್ಕಾಲಿಯ ಮೇಲಿನ ಸ್ಪಾಟಿಂಗ್ ಸ್ಕೋಪ್, ಅಂದರೆ ಒಂದೇ ಕಣ್ಣಿನಿಂದ ನೋಡುವ ದೂರದರ್ಶಕ, ಬೇಕು. ಬಿಸಿಲೇರಿದ ಮೇಲೆ ನೆಲದಿಂದ ಏಳುವ ಝಳದಲ್ಲಿ ಯಾವ ಮಸೂರವೂ ಕೆಲಸಕ್ಕೆ ಬಾರದು, ಹಾಗಾಗಿ ಒಂಬತ್ತು ಗಂಟೆಯೊಳಗೆ ಮುಗಿಸಿ.

ಮನೆಯವರು ಮತ್ತು ಅತಿಥಿಗಳ ಗೊಂದಲ ಇಲ್ಲಿಯೂ ಇದೆ, ರಾಜಹಕ್ಕಿಗಿಂತ ಸೂಕ್ಷ್ಮವಾಗಿ. ಮನ್ನಾರಿನ ಮರಳಿನಲ್ಲಿ ವರ್ಷಪೂರ್ತಿ ಇದ್ದು ಮೊಟ್ಟೆಯಿಡುವ ಪುಟ್ಟ ಪ್ಲೋವರನ್ನು ಬಹುಕಾಲ ಕೆಂಟಿಷ್ ಪ್ಲೋವರಿನ ಉಪಜಾತಿಯೆಂದೇ ಎಣಿಸಲಾಗಿತ್ತು. 2023ರಲ್ಲಿ ಅದನ್ನು ಪ್ರತ್ಯೇಕ ಜಾತಿಯಾಗಿ ಎತ್ತಿಹಿಡಿದಾಗ ಅದಕ್ಕೆ ಇಟ್ಟ ಹೆಸರು ಹನುಮಾನ್ ಪ್ಲೋವರ್. ಅದು ನೆಲೆಸಿರುವುದು ರಾಮಸೇತುವಿನ ಎರಡೂ ತುದಿಗಳಲ್ಲಿ, ದಕ್ಷಿಣ ಭಾರತ ಮತ್ತು ಶ್ರೀಲಂಕಾಗಳಲ್ಲಿ ಎಂಬುದನ್ನು ನೆನೆದರೆ ಹೆಸರಿನ ಔಚಿತ್ಯ ತಿಳಿಯುತ್ತದೆ. ಚಳಿಗಾಲದಲ್ಲಿ ಕೆಂಟಿಷ್ ಪ್ಲೋವರುಗಳೂ ಬರುವ ಸಾಧ್ಯತೆಯಿರುವುದರಿಂದ ಆಗ ಕಂಡದ್ದನ್ನು ಆತುರದಿಂದ ಹೆಸರಿಸದೆ ಚಿತ್ರ ತೆಗೆದಿಟ್ಟುಕೊಳ್ಳುವುದು ಲೇಸು. ಬೇಸಿಗೆಯಲ್ಲಿ ಮರಿಯೊಂದಿಗೆ ಕಂಡದ್ದು ಹನುಮಾನ್ ಪ್ಲೋವರೇ. ಆಗ ಮರಳಿನ ಮೇಲೆ ಹೆಜ್ಜೆಯಿಡುವಾಗ ಎಚ್ಚರವಿರಲಿ, ಮೊಟ್ಟೆಗಳು ಮರಳಿನ ಬಣ್ಣಕ್ಕೇ ಬೆರೆತಿರುತ್ತವೆ.

ಮನ್ನಾರಿನ ಕಡಲಕ್ಕಿಗಳನ್ನು ನೋಡುವಾಗ ನೆನಪಿಡಬೇಕಾದ ಸಂಗತಿಯೊಂದಿದೆ. ಇಲ್ಲಿ ಜಿಪಿಎಸ್ ಸಾಧನ ಕಟ್ಟಿ ಬಿಟ್ಟ ಹ್ಯೂಗ್ಲಿನ್ ಕಡಲಕ್ಕಿಯೊಂದು 2021ರಲ್ಲಿ ರಷ್ಯಾದ ಆರ್ಕ್ಟಿಕ್ ಅಂಚಿನ ಯಮಾಲ್ ಪರ್ಯಾಯದ್ವೀಪವನ್ನು ತಲಪಿತು.

ಇನ್ನು ರಾಜಹಂಸ. ಹಳೆಯ ಪ್ರವಾಸ ಕೈಪಿಡಿಗಳು ಅದಕ್ಕಾಗಿ ಬುಂದಲಕ್ಕೆ ಹೋಗಿರೆನ್ನುತ್ತವೆ. 1990ರಲ್ಲಿ ಶ್ರೀಲಂಕಾದ ಮೊದಲ ರಾಮ್ಸಾರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲವೆಂದು, ಘೋಷಿತವಾದ ಬುಂದಲದಲ್ಲಿ ಒಂದು ಕಾಲಕ್ಕೆ ಅವು ದಂಡಿಯಾಗಿದ್ದುದು ನಿಜ. ಆಮೇಲೆ ಮೇಲಿನ ನೀರಾವರಿ ಪ್ರದೇಶದಿಂದ ಹರಿದ ಸಿಹಿನೀರು ಹಿನ್ನೀರುಗಳ ಉಪ್ಪಿನಂಶವನ್ನು ತಗ್ಗಿಸಿತು, ಉಪ್ಪುನೀರಿನ ಸಣ್ಣ ಜೀವಿಗಳನ್ನು ಸೋಸಿ ತಿನ್ನುವ ರಾಜಹಂಸಗಳು ಅಲ್ಲಿಂದ ಕಾಲು ತೆಗೆದವು. ಈಗ ಅವನ್ನು ಉತ್ತರದಲ್ಲಿ, ಮನ್ನಾರ್ ಮತ್ತು ಜಾಫ್ನಾದ ಉಪ್ಪುನೀರಿನಲ್ಲಿ ಹುಡುಕಬೇಕು. ಮನ್ನಾರಿನ ವಂಕಾಲೈ ಕೂಡ 2010ರಿಂದ ರಾಮ್ಸಾರ್ ತಾಣ.

ಎರಡೂ ಪಟ್ಟಿಗೆ ಸೇರುವವು, ತೆಂಕಣದಿಂದ ಬರುವವು

ಕೆಲವು ಹಕ್ಕಿಗಳನ್ನು ಮನೆಯವರೆಂದಾಗಲಿ ಅತಿಥಿಗಳೆಂದಾಗಲಿ ಖಚಿತವಾಗಿ ಹೇಳಲಾಗದು. ನೀಲಿಬಾಲದ ಕಳ್ಳಿಪೀರ ಬಹುಮಟ್ಟಿಗೆ ಚಳಿಗಾಲದ ವಲಸೆಗಾರ, ಆದರೆ ಪೂರ್ವ ಭಾಗದಲ್ಲಿ ಕೆಲವು ಜೋಡಿಗಳು ಮಣ್ಣಿನ ಗೋಡೆ ಕೊರೆದು ಮರಿ ಮಾಡುತ್ತವೆ. ವಲಸೆ ಉಲ್ಲಂಕಿಗಳಲ್ಲೂ ಸಂತಾನದ ವಯಸ್ಸಿಗೆ ಬಾರದ ಎಳೆಯವು ಉತ್ತರಕ್ಕೆ ಮರಳದೆ ಬೇಸಿಗೆಯಿಡೀ ಇಲ್ಲೇ ಉಳಿಯುವುದುಂಟು. ಆದ್ದರಿಂದ ಟಿಪ್ಪಣಿ ಪುಸ್ತಕದಲ್ಲಿ ಹಕ್ಕಿಯ ಹೆಸರಿಗಿಂತ ಮೊದಲು ದಿನಾಂಕ, ಸ್ಥಳ, ಎತ್ತರ, ಸಂಖ್ಯೆ, ಹಕ್ಕಿ ಏನು ಮಾಡುತ್ತಿತ್ತು ಎಂಬುದನ್ನು ಬರೆಯಿರಿ. ಕೊಕ್ಕಿನಲ್ಲಿ ಕಡ್ಡಿ ಹಿಡಿದಿತ್ತು, ಮರಿಗೆ ಗುಟುಕು ಕೊಡುತ್ತಿತ್ತು ಎಂಬ ಒಂದು ಸಾಲು ಹೆಸರಿಗಿಂತ ಹೆಚ್ಚು ಬೆಲೆಯುಳ್ಳದ್ದು. ಇ-ಬರ್ಡ್‌ನಂಥ ಹಕ್ಕಿ ದಾಖಲೆಗಳ ಅಂತರ್ಜಾಲ ತಾಣಕ್ಕೆ ದಾಖಲೆ ಸೇರಿಸುವವರು ಹೆಸರು ಖಚಿತವಾಗದಿದ್ದಾಗ ‘ಪ್ಲೋವರ್, ಜಾತಿ ತಿಳಿಯದು’ ಎಂದೇ ನಮೂದಿಸಬಹುದು. ಅದಕ್ಕೆ ಅಲ್ಲಿ ಅವಕಾಶವಿದೆ.

ಅತಿಥಿಗಳೆಲ್ಲ ಉತ್ತರದವರು, ಎಲ್ಲರೂ ಚಳಿಗಾಲದಲ್ಲೇ ಬರುವವರು ಎಂಬ ಎಣಿಕೆಯೂ ಪೂರ್ತಿ ಸರಿಯಲ್ಲ. ಅಂಟಾರ್ಕ್ಟಿಕಾದ ಸುತ್ತಮುತ್ತ ಮರಿ ಮಾಡುವ ವಿಲ್ಸನ್ ಸ್ಟಾರ್ಮ್ ಪೆಟ್ರೆಲ್ ಎಂಬ ಗುಬ್ಬಚ್ಚಿಗಿಂತ ಕೊಂಚ ದೊಡ್ಡದಾದ ಕರಿಯ ಕಡಲ ಹಕ್ಕಿ ಅಲ್ಲಿಯ ಚಳಿಗಾಲವನ್ನು ತಪ್ಪಿಸಿಕೊಂಡು ನಮ್ಮ ಮುಂಗಾರಿನ ತಿಂಗಳುಗಳಲ್ಲಿ ಈ ಕಡಲಿಗೆ ಬರುತ್ತದೆ. ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಪಶ್ಚಿಮ ಕರಾವಳಿಯುದ್ದಕ್ಕೂ ರೀವಗಳು (ಟರ್ನ್ ಎಂಬ ಕಡಲ ಹಕ್ಕಿಗಳು) ತಂಡತಂಡವಾಗಿ ತೆಂಕಣಕ್ಕೆ ಸಾಗುತ್ತವೆ. ಇವನ್ನು ನೋಡಲು ದೋಣಿಯೇ ಬೇಕೆಂದಿಲ್ಲ. ಕಲ್ಪಿಟಿಯದಂತೆ ಕಡಲಿಗೆ ಚಾಚಿದ ನೆಲದ ಮೇಲೆ, ಗಾಳಿ ಕಡಲಿನಿಂದ ದಡಕ್ಕೆ ಬೀಸುವ ಬೆಳಗ್ಗೆ, ಸ್ಕೋಪನ್ನು ದಿಗಂತಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಿಸಿ, ಅದನ್ನು ಆಡಿಸದೆ, ಹಕ್ಕಿಗಳೇ ದೃಷ್ಟಿಯೊಳಗೆ ಹಾದುಹೋಗಲು ಬಿಡಬೇಕು. ಮಸೂರದ ಮೇಲೆ ಕೂರುವ ಉಪ್ಪನ್ನು ಒರೆಸಲು ಸಿಹಿನೀರಿನ ಒಂದು ಬಾಟಲಿಯೂ ಮೆತ್ತನೆಯ ಬಟ್ಟೆಯೂ ಕೈಯಳತೆಯಲ್ಲಿರಲಿ.